ಕಲ್ಲಿನಡಿಯ ಹುಳುಗಳು ಹೇಳಿದ್ದು, ನಾನು ಕೇಳಿಸಿಕೊಂಡದ್ದು

ಉಳವಿಯಿಂದ ಆಚೆಗಿನ ಒಂದು ಸಣ್ಣ ಊರಿನ ಹಳ್ಳದಲ್ಲಿ ಸೀಗಡಿಗಳು ಸತ್ತು ದಡಕ್ಕೆ ಬೀಳುತ್ತಿವೆ ಎಂಬ ಸುದ್ದಿಯನ್ನು ನಮ್ಮ ಕಾಲೇಜಿಗೆ ತಂದವರು ಆ ಊರಿನ ಪಂಚಾಯಿತಿ ಅಧ್ಯಕ್ಷೆ. ಮಳೆಗಾಲ ಮುಗಿದು ಹಳ್ಳಗಳೆಲ್ಲ ತಿಳಿಯಾಗಿದ್ದ ದಿನಗಳು. ನಾನು ಶಿಕಾರಿಪುರದಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು. ಅಧ್ಯಕ್ಷೆ ಸ್ಟಾಫ್ ರೂಮಿನಲ್ಲಿ ಕುಳಿತು, ಕೈಚೀಲದಿಂದ ಎರಡು ಕಾಗದ ತೆಗೆದು ನನ್ನ ಮುಂದಿಟ್ಟರು. ಎರಡೂ ನೀರಿನ ಪರೀಕ್ಷೆಯ ವರದಿಗಳು. ಗಡಸುತನ ಸರಿ, ಲವಣಾಂಶ ಸರಿ, ಆಮ್ಲ ಕ್ಷಾರ ಸರಿ. ಎರಡು ಸಲ ಕಳಿಸಿದರೂ ಎಲ್ಲ ಸರಿ ಎಂದೇ ಬಂದಿತ್ತು. ಆದರೆ ಸೀಗಡಿ ಸಾಯುವುದು ನಿಂತಿರಲಿಲ್ಲ. ಊರಿಗೆ ನಲ್ಲಿ ನೀರು ಹೋಗುವುದು ಅದೇ ಹಳ್ಳದ ದಂಡೆಯ ಬಾವಿಯಿಂದ.

ಊರಿನವರ ಅನುಮಾನವೆಲ್ಲ ಹಳ್ಳದ ಮೇಲ್ಭಾಗದ ಶುಂಠಿ ಹೊಲದ ಮೇಲಿತ್ತು. ಶಿಕಾರಿಪುರ ಕಡೆಯ ರೈತರೊಬ್ಬರು ಜಮೀನು ಗುತ್ತಿಗೆಗೆ ಹಿಡಿದು ಶುಂಠಿ ಹಾಕಿದ್ದರು. ಶುಂಠಿಗೆ ಔಷಧಿ ಹೊಡೆಯುವುದು ಎಲ್ಲರಿಗೂ ಗೊತ್ತಿರುವ ವಿಷಯ. ಅವರ ಪಂಪ್ ನಿಲ್ಲಿಸಬೇಕೆಂದು ಪಂಚಾಯಿತಿಯಲ್ಲಿ ಮಾತು ನಡೆದಿತ್ತು. ಹಳ್ಳದ ನೀರು ಸಿಗದಿದ್ದರೆ ಕೀಳುವುದಕ್ಕೆ ಇನ್ನೆರಡು ತಿಂಗಳಿದ್ದ ಬೆಳೆ ಒಣಗುತ್ತಿತ್ತು. ಅಧ್ಯಕ್ಷೆಗೆ ಆಧಾರವಿಲ್ಲದೆ ಅಷ್ಟು ದೂರ ಹೋಗುವ ಮನಸ್ಸಿರಲಿಲ್ಲ. ನೀರಿನ ಹುಳುಗಳನ್ನು ನೋಡಿ ನೀರಿನ ಗುಣ ಹೇಳಬಹುದೆಂದು ನಾನು ಯಾವುದೋ ಶಾಲೆಯ ಕಾರ್ಯಕ್ರಮದಲ್ಲಿ ಹೇಳಿದ್ದು ಅವರ ಕಿವಿಗೆ ಬಿದ್ದಿತ್ತು.

ಹೇಳಿದ್ದೇನೋ ನಿಜ. ಬಾಟಲಿಯಲ್ಲಿ ತುಂಬಿ ತಂದ ನೀರು ಆ ಒಂದು ನಿಮಿಷದ ನೀರು. ನಿನ್ನೆ ವಿಷ ಹರಿದು ಹೋಗಿದ್ದರೆ ಇವತ್ತಿನ ಬಾಟಲಿಗೆ ಅದು ಗೊತ್ತಿರುವುದಿಲ್ಲ. ಕಲ್ಲಿನಡಿ ತಿಂಗಳುಗಟ್ಟಲೆ ಬದುಕುವ ಹುಳುಗಳು ಮಾತ್ರ ನಿನ್ನೆಯದನ್ನೂ ಮೊನ್ನೆಯದನ್ನೂ ಅನುಭವಿಸಿರುತ್ತವೆ. ಕೆಲವು ಜಾತಿಗಳು ಸ್ವಲ್ಪ ಕೆಟ್ಟರೂ ತಾಳುವುದಿಲ್ಲ, ಕೆಲವು ಚರಂಡಿಯಲ್ಲೂ ಸುಖವಾಗಿರುತ್ತವೆ. ಯಾರಿದ್ದಾರೆ, ಯಾರಿಲ್ಲ ಎಂದು ನೋಡಿದರೆ ನೀರಿನ ಸ್ಥಿತಿ ತಿಳಿಯುತ್ತದೆ. ಇದನ್ನು ನಾನು ಹಲಗೆಯ ಮೇಲೆ ಹಲವು ಸಲ ಬರೆದಿದ್ದೆ. ಹಳ್ಳಕ್ಕಿಳಿದು ಒಂದು ಊರಿಗೋಸ್ಕರ ಮಾಡಿರಲಿಲ್ಲ.

ಕಾಲೇಜಿನ ಬಲೆಯನ್ನು ಇಲಿ ಕಡಿದಿತ್ತು. ಸೊಳ್ಳೆಪರದೆಯ ಬಟ್ಟೆ ಕೊಂಡು, ಎರಡು ಬಿದಿರಿನ ಕೋಲುಗಳಿಗೆ ಸಿಕ್ಕಿಸುವ ಹಾಗೆ ಹೊಲಿದುಕೊಡಲು ಟೈಲರಿಗೆ ಹೇಳಿದೆ. ಅವನು ತೊಟ್ಟಿಲಿಗಾ ಎಂದು ಕೇಳಿದ. ಹುಳ ಹಿಡಿಯುವುದಕ್ಕೆ ಎಂದಾಗ ಮತ್ತೇನೂ ಕೇಳದೆ ಅಂಚಿಗೆ ಎರಡೆರಡು ಹೊಲಿಗೆ ಹಾಕಿಕೊಟ್ಟ. ಹುಳು ಎದ್ದು ಕಾಣಲು ಬಿಳಿ ತಟ್ಟೆ ಬೇಕಿತ್ತು. ಸ್ವೀಟ್ ಅಂಗಡಿಯವರು ಮೈಸೂರುಪಾಕ್ ಇಡುವ ಹಳೆಯ ಟ್ರೇ ಕೊಟ್ಟರು. ಇಷ್ಟನ್ನೂ ಹೊತ್ತು ಶಿರಾಳಕೊಪ್ಪದ ಮೇಲೆ ಸೊರಬಕ್ಕೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಉಳವಿಗೆ ಹೋಗಿ ಇಳಿದಾಗ ಒಬ್ಬರು ಮೊಪೆಡ್ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಅವರು ಆ ಊರಿನ ನೀರುಗಂಟಿ. ಬೆಳಿಗ್ಗೆ ಮೋಟಾರು ಹಾಕಿ, ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಬೆರೆಸಿ, ಕೇರಿಗೊಂದು ವಾಲ್ವ್ ತಿರುಗಿಸುವ ಕೆಲಸ. ಐವತ್ತು ದಾಟಿದ, ಸಣಕಲು ಮೈಯ, ಮಾತಿಗೆ ಸದಾ ಸಿದ್ಧರಿದ್ದ ಮನುಷ್ಯ.

ಕೆಲಸದ ರೀತಿ ಸರಳ. ಒಬ್ಬರು ಹರಿವಿಗೆ ಅಡ್ಡ ಬಲೆ ಹಿಡಿದು ನಿಲ್ಲಬೇಕು. ಇನ್ನೊಬ್ಬರು ಬಲೆಯ ಮುಂದೆ ಒಂದು ನಿಮಿಷ ಕಾಲಿನಿಂದ ಕಲ್ಲುಗಳನ್ನು ಕದಡಬೇಕು. ಕಲ್ಲು ಬಿಟ್ಟು ತೇಲಿಬಂದ ಹುಳುಗಳು ಬಲೆಗೆ ಬೀಳುತ್ತವೆ. ಬಲೆಯನ್ನು ಟ್ರೇಯಲ್ಲಿ ತೊಳೆದು, ಒಂದೊಂದನ್ನೇ ಬ್ರಶ್ಶಿನ ತುದಿಯಿಂದ ಎತ್ತಿ, ಯಾವ ಕುಟುಂಬದ್ದೆಂದು ಗುರುತಿಸಿ ಬರೆದುಕೊಳ್ಳಬೇಕು. ಪ್ರತಿ ಕುಟುಂಬಕ್ಕೂ ಒಂದರಿಂದ ಹತ್ತರವರೆಗೆ ಅಂಕವಿದೆ. ಕೊಳೆ ತಾಳದವಕ್ಕೆ ಹೆಚ್ಚು, ತಾಳುವವಕ್ಕೆ ಕಡಿಮೆ. ಇದನ್ನು ಕೇಳಿದ ನೀರುಗಂಟಿ, ತಮ್ಮೂರಲ್ಲಿ ಕುಟುಂಬಕ್ಕೊಂದು ರೇಷನ್ ಕಾರ್ಡು, ಇಲ್ಲಿ ಅಂಕವೋ ಎಂದು ನಗಾಡಿದರು.

ಶುಂಠಿ ಹೊಲದ ಮೇಲ್ಗಡೆ, ನೀರು ಕಲ್ಲುಗಳ ಮೇಲೆ ಸದ್ದು ಮಾಡುತ್ತ ಹರಿಯುವಲ್ಲಿ ಮೊದಲ ಬಲೆ ಹಿಡಿದೆವು. ಟ್ರೇಯಲ್ಲಿ ಸಂತೆಯೇ ನೆರೆಯಿತು. ಚಪ್ಪಟೆ ಮೈಯ, ಮೂರು ಬಾಲದ, ಕೊಳೆ ತಾಳದ ಮೇಫ್ಲೈ ಎಂಬ ನೊಣದ ಮರಿಗಳು ಹೊಟ್ಟೆಯ ಬದಿಯ ಕಿವಿರುಗಳನ್ನು ಬೀಸಣಿಗೆಯಂತೆ ಆಡಿಸುತ್ತಿದ್ದವು. ಮರಳಿನ ಕಾಳುಗಳನ್ನು ಅಂಟಿಸಿ ಗೂಡು ಮಾಡಿಕೊಂಡ ಹುಳುಗಳಿದ್ದವು. ಏರೋಪ್ಲೇನ್ ಚಿಟ್ಟೆಯ ಮರಿಯೊಂದು ಮೂಲೆಯಲ್ಲಿ ಹೊಂಚಿ ಕುಳಿತಿತ್ತು. ದಿನಾ ಹಳ್ಳದ ಜೊತೆಗೇ ಬದುಕಿದ ನೀರುಗಂಟಿ ಕನ್ನಡಕ ಮೇಲೇರಿಸಿ ಬಹಳ ಹೊತ್ತು ನೋಡಿದರು.

ಎರಡನೆಯ ಬಲೆಯನ್ನು ಊರಿನ ಕುಡಿಯುವ ನೀರಿನ ಬಾವಿಯ ಪಕ್ಕದಲ್ಲಿ ಹಾಕಿದೆ. ಬಾವಿಗೆ ನೀರು ನಿಲ್ಲಲೆಂದು ಅಲ್ಲಿ ಒಂದು ಒಡ್ಡು ಕಟ್ಟಿದ್ದರು. ಸಿಕ್ಕಿದ್ದು ಕೆಂಪು ದಾರದ ತುಂಡಿನಂಥ ಹುಳುಗಳು, ಎರಡು ಜಿಗಣೆ, ಒಂದಿಷ್ಟು ಬಸವನಹುಳು. ಮೇಫ್ಲೈ ಒಂದೂ ಇಲ್ಲ. ಅಂಕಗಳನ್ನು ಕೂಡಿಸಿ ನೋಡಿದರೆ ಮೇಲಿನ ಜಾಗ ಉತ್ತಮ, ಕೆಳಗಿನದು ತೀರಾ ಕಳಪೆ. ನಡುವೆ ಇದ್ದದ್ದು ಶುಂಠಿ ಹೊಲ.

ನನಗೆ ಖುಷಿಯಾಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಪಾಠದಲ್ಲಿದ್ದದ್ದು ಕಣ್ಣೆದುರು ಇಷ್ಟು ಸ್ಪಷ್ಟವಾಗಿ ಬಂದಿತ್ತು. ಆ ಮಧ್ಯಾಹ್ನವೇ ಪಂಚಾಯಿತಿ ಕಟ್ಟಡದಲ್ಲಿ ಅಧ್ಯಕ್ಷೆಗೂ ಸದಸ್ಯರಿಗೂ ಟ್ರೇ ತೋರಿಸಿ, ನೀರು ಕೆಟ್ಟಿರುವುದು ಈ ಎರಡು ಜಾಗಗಳ ನಡುವೆ ಎಂದು ಹೇಳಿ, ಸಹಿ ಮಾಡಿ ಬರೆದುಕೊಟ್ಟೆ. ಶುಂಠಿ ಎಂಬ ಮಾತು ನನ್ನ ಬಾಯಿಂದ ಬರಲಿಲ್ಲ. ಬರುವ ಅಗತ್ಯವೂ ಇರಲಿಲ್ಲ.

ನಾಲ್ಕು ದಿನಗಳ ಬಳಿಕ ಶುಂಠಿ ಬೆಳೆಗಾರರು ಕಾಲೇಜಿಗೆ ಬಂದರು. ಪಂಪ್ ನಿಲ್ಲಿಸುವಂತೆ ಅವರಿಗೆ ನೋಟಿಸು ಬಂದಿತ್ತು. ಜಗಳಕ್ಕೆ ಬಂದಿರಬಹುದೆಂದುಕೊಂಡೆ. ಅವರು ಚಪ್ಪಲಿ ಹೊರಗೆ ಬಿಟ್ಟು ಒಳಬಂದು, ನೋಟಿಸನ್ನು ಮೇಜಿನ ಮೇಲೆ ಬಿಡಿಸಿಟ್ಟರು.

"ಮೇಡಂ, ಔಷಧಿ ಹೊಡೀತೀನಿ, ಇಲ್ಲ ಅನ್ನಂಗಿಲ್ಲ. ಆದ್ರ ನನ್ನ ಹೊಲದ ನೀರು ಹಳ್ಳಕ್ಕ ಇಳಿಯಂಗಿಲ್ರಿ, ಇಳಿಜಾರು ಆ ಕಡೆ ಐತಿ. ನೀವು ನನ್ನ ಹೊಲದ ಬುಡಕ್ಕ ನಿಂತು ನೋಡೀರೇನ್ರಿ?"

ನೋಡಿರಲಿಲ್ಲ. ಹಾಗೆಂದು ಹೇಳಿದೆ. ಅವರು ಮತ್ತೇನೂ ಕೇಳದೆ, ಒಂದು ಸಲ ಬಂದು ನೋಡ್ರಿ ಎಂದಷ್ಟೇ ಹೇಳಿ ಹೋದರು.

ಅವರು ಹೋದ ಮೇಲೆ ಟಿಪ್ಪಣಿ ಪುಸ್ತಕ ತೆಗೆದೆ. ಮೊದಲ ಜಾಗದ ಪಕ್ಕದಲ್ಲಿ ನನ್ನದೇ ಅಕ್ಷರದಲ್ಲಿ ಹೀಗಿತ್ತು: ಕಲ್ಲು, ಜೋರು ಹರಿವು, ಮೊಣಕಾಲಿನ ಕೆಳಗಿನ ಆಳ. ಎರಡನೆಯದರ ಪಕ್ಕದಲ್ಲಿ: ನಿಂತ ನೀರು, ಕೆಸರು, ಕೊಳೆತ ಎಲೆ. ಮೇಫ್ಲೈಗೆ ಹರಿಯುವ ನೀರೂ ಕಲ್ಲೂ ಬೇಕು. ಒಡ್ಡಿನ ಕೆಸರಿನಲ್ಲಿ ನೀರು ಎಷ್ಟೇ ಒಳ್ಳೆಯದಿದ್ದರೂ ಅದು ಇರುವುದಿಲ್ಲ, ಕೆಂಪು ಹುಳುವೇ ಇರುತ್ತದೆ. ನಾನು ಒಳ್ಳೆಯ ನೀರನ್ನೂ ಕೆಟ್ಟ ನೀರನ್ನೂ ಹೋಲಿಸಿರಲಿಲ್ಲ. ಹರಿಯುವ ನೀರನ್ನೂ ನಿಂತ ನೀರನ್ನೂ ಹೋಲಿಸಿದ್ದೆ. ಒಂದೇ ಬಗೆಯ ತಳ, ಒಂದೇ ಬಗೆಯ ಹರಿವು ಇರುವಲ್ಲಿ ಮಾತ್ರ ಹೋಲಿಕೆ ಮಾಡಿ ಎಂದು ಪ್ರತಿ ವರ್ಷ ಮಕ್ಕಳಿಗೆ ಹೇಳುವವಳು ನಾನೇ.

ಹಿರಿಯ ಸಹೋದ್ಯೋಗಿಯೊಬ್ಬರು ಒಳ್ಳೆಯ ಮನಸ್ಸಿನಿಂದಲೇ ಒಂದು ದಾರಿ ಹೇಳಿದರು. ಸದ್ದಿಲ್ಲದೆ ಇನ್ನೊಮ್ಮೆ ಹೋಗಿ ಸರಿಯಾಗಿ ಮಾಡಿ, ಎರಡನೆಯ ವರದಿ ಕೊಟ್ಟರೆ ಮೊದಲನೆಯದು ತಾನಾಗಿಯೇ ಮರೆತುಹೋಗುತ್ತದೆ ಎಂದರು. ಒಂದು ದಿನ ನನಗೂ ಅದೇ ಸರಿ ಎನಿಸಿತ್ತು. ಆದರೆ ಎರಡನೆಯ ವರದಿ ಬರಲು ಹತ್ತು ದಿನವಾದರೂ ಬೇಕು. ಅಷ್ಟು ದಿನ ಆ ಪಂಪ್ ನಿಂತಿರುತ್ತದೆ, ನನ್ನ ಸಹಿಯ ಬಲದ ಮೇಲೆ. ಹೊಸದಾಗಿ ಏನು ಸಿಗುತ್ತದೋ ಗೊತ್ತಿರಲಿಲ್ಲ. ಶುಂಠಿಯೇ ಕಾರಣ ಎಂದು ಸಿಕ್ಕರೂ ಸಿಗಬಹುದು. ಆದರೂ ಮೊದಲಿನದು ತಪ್ಪು ಎಂಬುದು ಈಗಲೇ ಗೊತ್ತಿತ್ತು. ಮರುದಿನ ರಜೆ ಹಾಕಿ ಬಸ್ಸು ಹತ್ತಿದೆ.

ಪಂಚಾಯಿತಿಯಲ್ಲಿ ನಿಂತುಕೊಂಡೇ ಹೇಳಿದೆ. ನಾನು ಬರೆದುಕೊಟ್ಟದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಜಾಗ ಆರಿಸುವುದರಲ್ಲಿ ನನ್ನಿಂದ ತಪ್ಪಾಗಿದೆ, ಅದರ ಆಧಾರದ ಮೇಲೆ ನೋಟಿಸು ಕೊಟ್ಟಿದ್ದರೆ ಹಿಂದಕ್ಕೆ ತೆಗೆದುಕೊಳ್ಳಿ ಎಂದೆ. ಸದಸ್ಯರೊಬ್ಬರು, ಹುಳ ನೋಡಿ ನೀರು ಹೇಳುತ್ತಾರೆ ಎಂದಾಗಲೇ ತನಗೆ ಅನುಮಾನವಿತ್ತು ಎಂದರು. ಇನ್ನೊಬ್ಬರು ನಕ್ಕರು. ಅಧ್ಯಕ್ಷೆ ನಗಲಿಲ್ಲ. ನನ್ನ ಕಡೆ ತಿರುಗಿ ಕೇಳಿದರು: "ಸರಿಯಾಗಿ ನೋಡೋಕೆ ಎಷ್ಟು ದಿನ ಬೇಕು ಮೇಡಂ?"

ಎರಡು ದಿನ ಹಳ್ಳದಲ್ಲಿ, ಆಮೇಲೆ ಕಾಲೇಜಿನಲ್ಲಿ ಗುರುತು ಹಿಡಿಯಲು ಒಂದಿಷ್ಟು ದಿನ ಎಂದೆ.

"ಮಾಡಿ. ಅಲ್ಲೀವರೆಗೂ ಪಂಪ್ ಓಡ್ಲಿ. ನಾವು ಕುಡಿಯೋಕೆ ಶಾಲೆ ಬೋರಿನ ನೀರು ತಗೊಳ್ತೀವಿ. ಈಗ ಊಟದ ಹೊತ್ತು, ಮನೆಗೆ ಬನ್ನಿ."

ಅವತ್ತು ಅವರ ಮನೆಯಲ್ಲಿ ಉಂಡ ಹಸಿಮೀನಿನ ಸಾರಿಗೂ ಅನ್ನಕ್ಕೂ ಇದ್ದ ರುಚಿ, ತಲೆಯ ಮೇಲಿನ ಭಾರ ಇಳಿದದ್ದರಿಂದಲೂ ಇರಬಹುದು.

ಎಂಟು ದಿನ ಬಿಟ್ಟು ಎರಡನೆಯ ಸಲ ಹೋದಾಗ ಅವಸರ ಮಾಡಲಿಲ್ಲ. ಮೊದಲು ಬಲೆಯನ್ನು ಮುಟ್ಟದೆ, ನಾನೂ ನೀರುಗಂಟಿಯೂ ಹೊಲದ ಮೇಲಿನಿಂದ ಬಾವಿಯವರೆಗೆ ಹಳ್ಳದ ದಡದಲ್ಲೇ ನಡೆದೆವು. ಮುಷ್ಟಿ ಗಾತ್ರದಿಂದ ತೆಂಗಿನಕಾಯಿ ಗಾತ್ರದ ಕಲ್ಲುಗಳಿರುವ, ಮೊಣಕಾಲಿನ ಕೆಳಗೆ ನೀರು ಓಡುವ ಐದು ಜಾಗಗಳನ್ನು ಆರಿಸಿ, ದಡದ ಗಿಡಗಳಿಗೆ ಬಟ್ಟೆ ಕಟ್ಟಿದೆವು. ಮೊದಲನೆಯದು ಹೊಲದ ಮೇಲ್ಗಡೆ. ಎರಡನೆಯದು ಹೊಲದ ಬುಡದಲ್ಲಿ. ಮೂರನೆಯದು ಇನ್ನೂ ಕೆಳಗೆ, ಗಾಡಿದಾರಿ ಹಳ್ಳ ದಾಟುವ ಜಾಗಕ್ಕಿಂತ ಸ್ವಲ್ಪ ಮೊದಲು. ನಾಲ್ಕನೆಯದು ಆ ದಾರಿಯನ್ನು ದಾಟಿದ ಕೂಡಲೇ. ಐದನೆಯದು ಒಡ್ಡಿನ ನೀರು ನಿಲ್ಲುವುದಕ್ಕಿಂತ ಮೊದಲು. ಪ್ರತಿ ಜಾಗದಲ್ಲೂ ಮೂರು ಸಲ, ಪ್ರತಿ ಸಲವೂ ಒಂದೇ ನಿಮಿಷ. ಕಲ್ಲು ಕದಡುವುದು ಯಾವಾಗಲೂ ನಾನೇ, ಬಲೆ ಹಿಡಿಯುವುದು ನೀರುಗಂಟಿಯೇ. ಒಬ್ಬೊಬ್ಬರ ಕಾಲಿನ ಜೋರು ಒಂದೊಂದು ಥರ ಇರುತ್ತದೆ. ಮೇಲೆ ಕದಡಿದರೆ ಕೆಳಗಿನ ಜಾಗ ಹಾಳಾಗುವುದರಿಂದ ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಇದನ್ನೂ ಮೊದಲ ದಿನ ನಾನು ತಲೆಕೆಳಗಾಗಿ ಮಾಡಿದ್ದೆ.

ಐದನೆಯ ಜಾಗದಲ್ಲಿ ಕಲ್ಲು, ಹರಿವು ಎಲ್ಲ ಇದ್ದೂ ಮೇಫ್ಲೈ ಇರಲಿಲ್ಲ. ನಾಲ್ಕನೆಯದರಲ್ಲಿ ಬೇರೆ ಹುಳುಗಳೂ ಕಡಿಮೆ. ಮೂರು ಬಲೆಗೆ ಸಿಕ್ಕಿದ್ದು ಕೆಲವು ಎರೆಹುಳುವಿನಂಥವು, ಬಸವನಹುಳು, ಒಂದು ಸತ್ತ ಸೀಗಡಿ. ನೀರುಗಂಟಿ ಟ್ರೇಯನ್ನು ಅಲ್ಲಾಡಿಸಿ ಅಲ್ಲಾಡಿಸಿ ಹುಡುಕಿದರು. ಹಾಗಿದ್ದರೆ ನೀರು ಕೆಟ್ಟಿರುವುದು ನಿಜ. ನಾನು ಮೊದಲು ನೋಡಿದ ರೀತಿ ತಪ್ಪಾಗಿದ್ದರೂ ಸೀಗಡಿಗಳ ಸಾವು ಸುಳ್ಳಾಗಿರಲಿಲ್ಲ.

ಎರಡನೆಯ ದಿನ ಮೂರನೆಯ ಜಾಗಕ್ಕೆ ಬಂದೆವು. ಮೊದಲ ಬಲೆಯನ್ನು ಟ್ರೇಗೆ ಸುರಿದಾಗ ನೀರುಗಂಟಿಯೇ ಮೊದಲು ನೋಡಿದರು.

"ಮೇಡಂ, ಮೂರು ಬಾಲದವು. ಬೇಕಾದಷ್ಟವೆ."

ಎಣಿಸಿದೆವು. ಮರಳುಗೂಡಿನ ಹುಳುಗಳೂ ಇದ್ದವು, ಜೀವಂತ ಸೀಗಡಿಗಳೂ ಇದ್ದವು. ಹೊಲದ ಬುಡದಲ್ಲಿನ ಎರಡನೆಯ ಜಾಗ ಹೊಲದ ಮೇಲಿನ ಜಾಗದಷ್ಟೇ ಚೆನ್ನಾಗಿತ್ತು. ಬೆಳೆಗಾರರು ದಂಡೆಯ ಮೇಲೆ ಕುಳಿತು ನೋಡುತ್ತಿದ್ದರು. ಅವರಿಗೆ ಟ್ರೇ ತೋರಿಸಿ, ನಿಮ್ಮ ಹೊಲದಿಂದ ಹಳ್ಳಕ್ಕೆ ತೊಂದರೆ ಕಾಣುತ್ತಿಲ್ಲ ಎಂದು ಹೇಳಿ ಕ್ಷಮೆ ಕೇಳಿದೆ. ಅವರು ಟ್ರೇಯೊಳಗೆ ಬೆರಳಾಡಿಸಿ, ಇಷ್ಟು ಸಣ್ಣ ಹುಳ ನೋಟಿಸು ಹರಿದು ಹಾಕಿತೇ ಎಂದು ಆಶ್ಚರ್ಯಪಟ್ಟರು.

ಹಾಗಾದರೆ ಎಲ್ಲ ನಡೆಯುತ್ತಿರುವುದು ಮೂರು ಮತ್ತು ನಾಲ್ಕನೆಯ ಜಾಗಗಳ ನಡುವೆ. ನಡುವೆ ಇರುವುದು ಗಾಡಿದಾರಿ ಮಾತ್ರ. ಇಬ್ಬರೂ ಅಲ್ಲಿಗೆ ನಡೆದೆವು. ದನಗಳ ಹೆಜ್ಜೆಗಳಿಂದ ದಡ ಸವೆದಿತ್ತು. ಒಂದು ಕಲ್ಲಿನ ಪಕ್ಕದಲ್ಲಿ ಹಳೆಯ ಬಕೆಟ್ಟು, ಸವೆದ ಬ್ರಶ್ಶು. ಇಲ್ಲಿ ಏನು ನಡೆಯುತ್ತದೆ ಎಂದು ಕೇಳಿದೆ. ನೀರುಗಂಟಿ ಬಲೆಯ ಬಿದಿರನ್ನು ದಡಕ್ಕೆ ಒರಗಿಸಿ ಕುಳಿತರು.

"ಇಲ್ಲಿ ದನಕ್ಕೆ ಉಣುಗಿನ ಔಷಧಿ ಹಚ್ತೀವಿ ಮೇಡಂ. ಭಾನುವಾರ ಭಾನುವಾರ. ಕೆಳಗಿನ ಕೇರಿ ದನ ಎಲ್ಲಾ ಇಲ್ಲಿಗೇ ಬರ್ತವೆ. ಔಷಧಿ ಕಲಸೋದು ನಾನೇ."

ಕಾಡಿನಂಚಿನ ಊರು. ಚಳಿಗಾಲ ಬಂತೆಂದರೆ ದನಗಳ ಮೈತುಂಬ ಉಣುಗು, ಅಂದರೆ ರಕ್ತ ಹೀರುವ ಉಣ್ಣೆಹುಳು. ಉಣುಗಿನಿಂದ ಮಂಗನ ಕಾಯಿಲೆ ಬರುತ್ತದೆಂಬ ಹೆದರಿಕೆ ಈ ಸೀಮೆಯಲ್ಲಿ ಎಲ್ಲರಿಗೂ ಇದೆ. ಬ್ಲೀಚಿಂಗ್ ಪೌಡರನ್ನು ಅಳತೆಯಿಂದ ಹಾಕುವ ಮನುಷ್ಯ ಎಂದು ಕೇರಿಯವರು ಈ ಕೆಲಸವನ್ನೂ ನಂಬಿಕೆಯಿಂದ ಅವರಿಗೇ ವಹಿಸಿದ್ದರು. ನೀರು ಹತ್ತಿರವಿದೆಯೆಂದು ಹಳ್ಳದ ದಡದಲ್ಲೇ ಕಲಸಿ, ಹಚ್ಚಿ, ಉಳಿದದ್ದನ್ನು ಹಳ್ಳಕ್ಕೆ ಚೆಲ್ಲಿ, ಬಕೆಟ್ಟನ್ನೂ ದನಗಳನ್ನೂ ಅಲ್ಲೇ ತೊಳೆಯುತ್ತಿದ್ದರು. ಉಣುಗನ್ನು ಕೊಲ್ಲಲು ಮಾಡಿದ ಔಷಧಿ ಮೇಫ್ಲೈಯನ್ನೂ ಸೀಗಡಿಯನ್ನೂ ಬಿಡುವುದಿಲ್ಲ. ನೀರಿನಲ್ಲಿ ಸೇರಿ ಹರಿದು ಹೋದ ಮೇಲೆ ಸಾಮಾನ್ಯ ಪರೀಕ್ಷೆಗೆ ಸಿಗುವುದೂ ಇಲ್ಲ. ಊರಿನವರು ಮಾದರಿ ತುಂಬುತ್ತಿದ್ದದ್ದು ವಾರದ ನಡುವೆ.

"ಊರಿಗೆ ನೀರು ಬಿಡೋನು ನಾನು. ನಾನೇ ಹಿಂಗೆ ಮಾಡಿದ್ನಲ್ಲ" ಎಂದರು. ತಲೆ ಎತ್ತಲಿಲ್ಲ.

ನಾನು ಅವರ ಪಕ್ಕದಲ್ಲೇ ದಡದ ಮೇಲೆ ಕುಳಿತೆ. ಹತ್ತು ದಿನಗಳ ಹಿಂದೆ ನಾನೂ ಇದೇ ಊರಿನಲ್ಲಿ ತಪ್ಪು ಒಪ್ಪಿಕೊಂಡಿದ್ದೆನಲ್ಲ, ಆಮೇಲೆ ಊಟವನ್ನೇ ಹಾಕಿದರಲ್ಲ ಎಂದೆ. ಅವರಿಗೆ ಸಣ್ಣಗೆ ನಗು ಬಂತು. ಸಭೆಯಲ್ಲಿ ಯಾರು ಮಾಡಿದರೆಂದು ಹೇಳದೆ, ಜಾಗವನ್ನಷ್ಟೇ ಹೇಳುತ್ತೇನೆ ಎಂದೆ. ಅವರು ಒಪ್ಪಲಿಲ್ಲ.

ಪಂಚಾಯಿತಿ ಸಭೆಯಲ್ಲಿ ಐದು ಜಾಗಗಳ ಪಟ್ಟಿ ಓದಿ ಮುಗಿಸುತ್ತಿದ್ದಂತೆ ಅವರು ಎದ್ದು ನಿಂತು ತಾವೇ ಹೇಳಿದರು. ಕೆಳಗಿನ ಕೇರಿಯವರಿಗೆ ಮುಖ ಮುಖ ನೋಡುವಂತಾಯಿತು. ಶುಂಠಿಯವರ ಮೇಲೆ ಹೆಚ್ಚು ಕೂಗಾಡಿದವರು ಅವರೇ. ಒಬ್ಬ ಅಜ್ಜಿ, ಹಾಗಾದರೆ ದನವನ್ನು ಉಣುಗಿಗೆ ಬಿಡಬೇಕೇನು ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಅದಕ್ಕಾಗಿ ಸೊರಬದ ಪಶುವೈದ್ಯರನ್ನು ನಾನು ಮೊದಲೇ ಕಂಡು ಬಂದಿದ್ದೆ. ಔಷಧಿ ನಿಲ್ಲಿಸುವುದು ಬೇಡ, ಜಾಗ ಬದಲಾಯಿಸಿ ಎಂದಿದ್ದರು. ಹಳ್ಳದಿಂದ ದೂರ, ದಿಬ್ಬದ ಮೇಲೆ ಡ್ರಮ್ಮಿಟ್ಟು ಅಗತ್ಯವಿದ್ದಷ್ಟೇ ಕಲಸಬೇಕು, ಬಕೆಟ್ಟು ತೊಳೆದ ನೀರು ಹಳ್ಳಕ್ಕಾಗಲಿ ಬಾವಿಗಾಗಲಿ ಸೇರಬಾರದು, ಹಚ್ಚಿದ ದನಗಳನ್ನು ಕೆಲವು ದಿನ ನೀರಿಗೆ ಇಳಿಸಬಾರದು. ಅಧ್ಯಕ್ಷೆ ಅಲ್ಲಿಯೇ ಜಾಗ ಗೊತ್ತು ಮಾಡಿದರು. ಡ್ರಮ್ಮು ಕೊಡುತ್ತೇನೆಂದವರು ಶುಂಠಿ ಬೆಳೆಗಾರರು. ಯಾರೂ ಬೇಡವೆನ್ನಲಿಲ್ಲ.

ನಾಲ್ಕು ಭಾನುವಾರ ಕಳೆದ ಮೇಲೆ ಮತ್ತೆ ಹೋದೆ. ಆ ನಡುವೆ ಸೀಗಡಿ ಸತ್ತದ್ದನ್ನು ಯಾರೂ ಕಂಡಿರಲಿಲ್ಲ. ನಾಲ್ಕನೆಯ ಜಾಗದಲ್ಲಿ ಬಲೆ ಹಿಡಿದೆವು. ಮೊದಲ ಟ್ರೇಯಲ್ಲಿ ಏನೂ ಇಲ್ಲವೆಂದುಕೊಂಡು ನಾನು ಚೆಲ್ಲಲು ಹೊರಟಾಗ ನೀರುಗಂಟಿ ಕೈ ಹಿಡಿದು ತಡೆದರು. ಎಲೆಯ ತುಂಡಿನ ಕೆಳಗೆ ಅಕ್ಕಿಕಾಳಿಗಿಂತ ಸಣ್ಣದೊಂದು ಮೇಫ್ಲೈ ಮರಿ. ಎರಡನೆಯ ಬಲೆಯಲ್ಲಿ ಏಳು, ಮೂರನೆಯದರಲ್ಲಿ ಇನ್ನಷ್ಟು. ಮೇಲಿನ ಒಳ್ಳೆಯ ನೀರಿನಿಂದ ಹರಿವಿನ ಜೊತೆ ತೇಲಿಬಂದು ಖಾಲಿ ಕಲ್ಲುಗಳನ್ನು ಹಿಡಿದುಕೊಳ್ಳುತ್ತಿದ್ದವು. ಮರಳುಗೂಡಿನವು ಇನ್ನೂ ಬಂದಿರಲಿಲ್ಲ. ಅಂಕ ಮೇಲಿನ ಜಾಗದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಹುಳು ಬಂದ ಮಾತ್ರಕ್ಕೆ ನೀರು ಕುಡಿಯಲು ಯೋಗ್ಯ ಎಂದರ್ಥವಲ್ಲ, ಔಷಧಿಯ ಅಂಶವಿದೆಯೇ ಎಂದು ದೊಡ್ಡ ಪ್ರಯೋಗಾಲಯದ ವರದಿ ಬಂದ ಮೇಲೆಯೇ ಬಾವಿಯ ನೀರು ಬಿಡಿ ಎಂದು ಬರೆದೆ. ಈ ಸಲ ಸಹಿ ಮಾಡುವ ಮೊದಲು ಎರಡು ಸಲ ಓದಿದೆ. ಮುಂದೆ ಆ ವರದಿಯೂ ಸರಿಯಾಗಿ ಬಂತು, ನಲ್ಲಿಗಳಿಗೆ ಹಳ್ಳದ ಬಾವಿಯ ನೀರು ಮತ್ತೆ ಹರಿಯಿತು.

ಅವತ್ತು ಸಂಜೆ ಮೂರನೆಯ ಜಾಗದಲ್ಲೂ ಒಮ್ಮೆ ನೋಡಿ ಸಾಮಾನು ಕಟ್ಟುತ್ತಿದ್ದಾಗ, ಬಲೆ ಹಿಂಡುತ್ತಿದ್ದ ನೀರುಗಂಟಿಯ ಅಂಗಿಯ ತೋಳಿಗೆ ಬಲಿತ ಮೇಫ್ಲೈ ಮರಿಯೊಂದು ಅಂಟಿಕೊಂಡಿತ್ತು. ತೆಗೆಯಹೋದರು, ಬೇಡವೆಂದೆ. ಅದರ ಬೆನ್ನು ಉದ್ದಕ್ಕೆ ಸೀಳಿತು. ಒಳಗಿನಿಂದ ಮೆತ್ತಗಿನ, ಬೂದುಬಣ್ಣದ ರೆಕ್ಕೆಯ ನೊಣವೊಂದು ನಿಧಾನವಾಗಿ ಹೊರಗೆ ಬಂದು, ತನ್ನ ಹಳೆಯ ಚರ್ಮದ ಮೇಲೆಯೇ ಕಾಲೂರಿ ನಿಂತಿತು. ರೆಕ್ಕೆ ಒಣಗುವವರೆಗೂ ನೀರುಗಂಟಿ ತೋಳನ್ನು ಹಾಗೆಯೇ ಚಾಚಿಕೊಂಡು ನಿಂತಿದ್ದರು. ರಸ್ತೆಯಲ್ಲಿ ನನ್ನ ಬಸ್ಸಿನ ಹಾರ್ನ್ ಕೇಳಿಸಿತು.

"ಮೇಡಂ, ಬಸ್ಸು ಹೋಗ್ತದೆ."

ಹೋಗಲಿ ಎಂದೆ. ಅವರು ಉಸಿರು ಬಿಗಿಹಿಡಿದರು. ನೊಣ ಒಮ್ಮೆ ರೆಕ್ಕೆ ಅದುರಿಸಿ, ತೋಳು ಬಿಟ್ಟು, ಹಳ್ಳದ ಆಚೆಯ ಮರದ ಕಡೆಗೆ ಹಾರಿತು.